ನಾಳೆ ಬರಬೇಕಾ, ಬೇಡವಾ? ಇ-ಕೋರ್ಟ್ಸ್ ಆ್ಯಪ್ ಬಗ್ಗೆ ನಾಲ್ಕು ವರ್ಷ ಬಳಸಿದವಳ ಮಾತು

ಹೋದ ತಿಂಗಳು ಕೋರ್ಟ್ ಕಾಂಪೌಂಡಿನ ಹೊಂಗೆ ಮರದ ಕೆಳಗೆ ಕೂತಿದ್ದಾಗ ಕಾನೂನು ಓದುವ ಇಬ್ಬರು ಹುಡುಗರು ಬಂದರು. ಕೈಯಲ್ಲಿ ಟ್ಯಾಬ್. "ಕೋರ್ಟಿನ ಆನ್‌ಲೈನ್ ಸೇವೆ ಜನರಿಗೆ ಎಷ್ಟು ಉಪಯೋಗಕ್ಕೆ ಬರ್ತಿದೆ ಅಂತ ಸಂಶೋಧನೆ ಮಾಡ್ತಿದ್ದೀವಿ ಮೇಡಂ, ಹತ್ತು ನಿಮಿಷ ಕೊಡ್ತೀರಾ?" ಅಂದರು. ಕೋರ್ಟಿಗೆ ಬಂದು ಕೂತವರ ಹತ್ತಿರ ಹತ್ತು ನಿಮಿಷಕ್ಕೆ ಬರವೇ? ಕೊಟ್ಟೆ. ಕೇಸಿನ ಡೇಟ್ ನೋಡುವ ಇ-ಕೋರ್ಟ್ಸ್ ಆ್ಯಪ್ ಬಳಸ್ತೀರಾ? ಹೂಂ. ಸುಲಭವಾ? ಹೂಂ. ಐದಕ್ಕೆ ಎಷ್ಟು ಕೊಡ್ತೀರಿ? ನಾಲ್ಕು ಅಂದೆ. ಪಾಪ, ಬಿಸಿಲಲ್ಲಿ ಓಡಾಡುತ್ತಿದ್ದರು. ಕಡಿಮೆ ಹೇಳೋಕೆ ಮನಸ್ಸು ಬರಲಿಲ್ಲ.

ವಾಪಸ್ ಬಸ್ಸಿನಲ್ಲಿ ಬರುವಾಗ ಅದೇ ತಲೆಯಲ್ಲಿ ಕೊರೆಯಿತು. ನಾಲ್ಕು ಸರಿಯಾದ ಉತ್ತರ ಅಲ್ಲ. ಒಂದು ವಿಷಯಕ್ಕಾದರೆ ಐದಕ್ಕೆ ಐದೂ ಕೊಡಬಹುದು. ಇನ್ನೊಂದಕ್ಕೆ ಸೊನ್ನೆ. ಅವರ ಟ್ಯಾಬಿನಲ್ಲಿ ಆ ಎರಡನ್ನೂ ಬೇರೆ ಬೇರೆ ಹೇಳೋಕೆ ಜಾಗ ಇರಲಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ತಿಪಟೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಬ್ಲೌಸ್, ಚೂಡಿದಾರ್, ಸೀರೆಗೆ ಫಾಲ್, ಕುಚ್ಚು. ಕೇಸು ನನ್ನದಲ್ಲ, ಅಮ್ಮನದು. ಅಜ್ಜನ ತೆಂಗಿನ ತೋಟದಲ್ಲಿ ಪಾಲು ಕೇಳಿ ನನ್ನ ಇಬ್ಬರು ಸೋದರಮಾವಂದಿರ ಮೇಲೆ ಹಾಕಿದ ದಾವೆ. ಕೋರ್ಟು ಇರುವುದು ಅಮ್ಮನ ತವರಿನ ತಾಲೂಕಿನಲ್ಲಿ. ಊರಿನ ಹೆಸರು ಬೇಡ, ಎಲ್ಲರೂ ನೆಂಟರೇ.

ಅಮ್ಮ ಮೊದಲು ಕೇಸು ಹಾಕಲು ಒಪ್ಪಿರಲಿಲ್ಲ. ಹಾಕಿದರೂ ಮಾವಂದಿರಿಗೆ ಸಮನಾದ ಪಾಲು ಸಿಗುತ್ತಿರಲಿಲ್ಲ ಅನ್ನುವುದು ಲಾಯರ್ ಮಾತು. ಕರ್ನಾಟಕದಲ್ಲಿ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಕಾನೂನು ಬಂದರೂ ಅದು ಆಗ ಮದುವೆಯಾಗದೆ ಇದ್ದವರಿಗೆ ಮಾತ್ರ. ಅಮ್ಮನಿಗೆ ಅಷ್ಟೊತ್ತಿಗೆ ನಾನು ಹುಟ್ಟಿದ್ದೆ. 2005ರಲ್ಲಿ ಕೇಂದ್ರದ ಕಾನೂನೇ ಬದಲಾಗಿ ಮದುವೆಯಾದವರಿಗೂ ಪಾಲು ಬಂತು. ಆದರೆ ಆ ವರ್ಷ ಸೆಪ್ಟೆಂಬರ್ 9ಕ್ಕೆ ತಂದೆ ಬದುಕಿರಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ನಮ್ಮಜ್ಜ ತೀರಿಕೊಂಡದ್ದು 1998ರಲ್ಲಿ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಕೇಸಿನಲ್ಲಿ ಅದೇ ಸುಪ್ರೀಂ ಕೋರ್ಟ್, ತಂದೆ ಬದುಕಿರಲೇಬೇಕು ಅಂತಿಲ್ಲ, ಹೆಣ್ಣುಮಗಳಿಗೆ ಹುಟ್ಟಿನಿಂದಲೇ ಹಕ್ಕು ಅಂದಿತು. ಮರುವರ್ಷ ನಾವು ದಾವೆ ಹಾಕಿದೆವು. ಮಾವಂದಿರದು ಒಂದೇ ಮಾತು, ಮೊದಲೇ ಪಾಲಾಗಿಹೋಗಿದೆ ಅಂತ. ಅದು ಕೋರ್ಟು ತೀರ್ಮಾನ ಮಾಡಲಿ, ನಾನಿಲ್ಲಿ ವಾದ ಮಾಡಲು ಕೂತಿಲ್ಲ.

ಆ್ಯಪ್ ತೋರಿಸಿಕೊಟ್ಟದ್ದು ನಮ್ಮ ಲಾಯರ್ ಆಫೀಸಿನ ಜೂನಿಯರ್ ಹುಡುಗಿ. "ಅಕ್ಕಾ, ಪ್ರತಿ ಸಲ ಗುಮಾಸ್ತರಿಗೆ ಫೋನ್ ಮಾಡ್ತೀರಲ್ಲ, ಇದನ್ನ ಹಾಕ್ಕೊಳ್ಳಿ" ಅಂತ ನನ್ನ ಫೋನ್ ತಗೊಂಡು ಅಲ್ಲೇ ಇಳಿಸಿಕೊಟ್ಟಳು. ಹೆಸರು ಇ-ಕೋರ್ಟ್ಸ್ ಸರ್ವಿಸಸ್. ದುಡ್ಡಿಲ್ಲ. ಆಂಡ್ರಾಯ್ಡಿಗೂ ಇದೆ, ಐಫೋನಿಗೂ ಇದೆ. ಕೋರ್ಟುಗಳಿಗೆ ಕಂಪ್ಯೂಟರ್ ತರುವ ಕೆಲಸ ನೋಡುವ ಸುಪ್ರೀಂ ಕೋರ್ಟಿನ ಇ-ಕಮಿಟಿಯವರದು. ಆ ಕಮಿಟಿಗೆ ಮೊದಲ ಅಧ್ಯಕ್ಷರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ನಿವೃತ್ತರಾದ ಜಸ್ಟಿಸ್ ಜಿ.ಸಿ. ಭರೂಕಾ ಅಂತ ಅವಳೇ ಹೇಳಿದಳು. ಪರೀಕ್ಷೆಗೆ ಓದಿದ್ದು ಇನ್ನೂ ಬಿಸಿಯಾಗಿತ್ತು ಅಂತ ಕಾಣುತ್ತೆ.

ಬೇಕಾದದ್ದು ಒಂದೇ ನಂಬರ್. ಸಿಎನ್ಆರ್ ಅಂತಾರೆ. ಹದಿನಾರು ಅಕ್ಷರ. ಮೊದಲು ಕೆಎ, ಆಮೇಲೆ ಜಿಲ್ಲೆಗೆ ಎರಡಕ್ಷರ, ಕೋರ್ಟಿಗೆ ಎರಡಂಕಿ, ಕೇಸಿಗೆ ಆರಂಕಿ, ಕೊನೆಗೆ ಇಸವಿ. ನಮ್ಮ ಲಾಯರ್ ಫೈಲಿನ ಮೇಲೆ ಬರೆಯುವ ಓ.ಎಸ್. ನಂಬರ್, ಅಂದರೆ ಆ ಕೋರ್ಟಿನ ದಾವೆ ನಂಬರ್ ಬೇರೆ, ಇದು ಬೇರೆ. ಆಧಾರ್ ಇದ್ದ ಹಾಗೆ ಅಂದುಕೊಳ್ಳಿ, ದೇಶದಲ್ಲಿ ಆ ನಂಬರಿನ ಕೇಸು ಇನ್ನೊಂದಿಲ್ಲ. ನಾನು ಅದನ್ನು ಅಂಗಡಿ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ.

ನಂಬರ್ ಇಲ್ಲದಿದ್ದರೆ ಹೆಸರಿನಿಂದಲೂ ಹುಡುಕಬಹುದು. ಆದರೆ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಗಿ ಬಂದರೆ ನಿಮ್ಮ ಹಣೆಬರಹ. ಲಕ್ಷ್ಮಮ್ಮ ಅನ್ನುವ ಹೆಸರನ್ನೇ ತಗೊಳ್ಳಿ. ಎಕ್ಸ್ ಹಾಕಿದ್ದಾರಾ, ಕೆ ಎಸ್ ಹಾಕಿದ್ದಾರಾ, ಮಧ್ಯೆ ಎಚ್ ಇದೆಯಾ, ಎಂ ಎಷ್ಟಿದೆ? ಟೈಪ್ ಮಾಡಿದವರಿಗೇ ಗೊತ್ತು. ಹಾಗಾಗಿ ನಂಬರ್ ಇಟ್ಟುಕೊಳ್ಳಿ.

ನಂಬರ್ ಹಾಕಿದ ಮೊದಲ ದಿನ ಪರದೆ ಮೇಲೆ ಬಂತು, ಮುಂದಿನ ದಿನಾಂಕ, ಅದರ ಕೆಳಗೆ ಕೇಸಿನ ಹಂತ. ಹಂತ ಅಂತ ಇದ್ದದ್ದು ಒಂದೇ ಪದ. "ಸ್ಟೆಪ್ಸ್." ನಾನು ಜೋರಾಗಿ ಓದಿದೆ. ಅಮ್ಮ ಮಂಡಿ ಸವರಿಕೊಂಡು, "ಮೆಟ್ಲು ಹತ್ಬೇಕಂತಾ?" ಅಂದರು. ನಗಬೇಡಿ. ಆ ಕೋರ್ಟ್ ಹಾಲ್ ಮಹಡಿ ಮೇಲಿದೆ, ಲಿಫ್ಟ್ ಇಲ್ಲ. ಕೋರ್ಟು ಮೆಟ್ಟಿಲು ಹತ್ತುವುದು ಅಂದರೆ ಎಪ್ಪತ್ತೊಂದು ವರ್ಷದ ಅಮ್ಮನಿಗೆ ಮಾತಿಗೆ ಹೇಳುವ ಮಾತಲ್ಲ, ಲೆಕ್ಕ ಹಾಕಿ ಇಪ್ಪತ್ತೆರಡು ಮೆಟ್ಟಿಲು.

ಜೂನಿಯರ್ ಹುಡುಗಿಗೆ ಫೋನ್ ಮಾಡಿದೆ. ಸ್ಟೆಪ್ಸ್ ಅಂದರೆ ನಮ್ಮ ಕಡೆಯಿಂದ ಮಾಡಬೇಕಾದ ಕೆಲಸ ಬಾಕಿ ಇದೆ ಅಂತ. ಚಿಕ್ಕಮಾವನಿಗೆ ಸಮನ್ಸ್ ಹೋಗಿರಲಿಲ್ಲ. ಅದಕ್ಕೆ ಪ್ರೋಸೆಸ್ ಫೀ ಕಟ್ಟಿ ದಾವೆಯ ಪ್ರತಿ ಕೊಡಬೇಕಿತ್ತು. ಯಾರೂ ಕಟ್ಟಿರಲಿಲ್ಲ. ಎರಡು ವಾಯಿದೆ ಹಾಗೇ ಹೋಗಿತ್ತು. ಆ ಎರಡೂ ಸಲ ನಾವು "ಎದುರು ಪಾರ್ಟಿ ಬೇಕಂತಲೇ ತಪ್ಪಿಸ್ಕೊಳ್ತಿದ್ದಾರೆ" ಅಂತ ಮನೆಯಲ್ಲಿ ಮಾವನಿಗೆ ಶಾಪ ಹಾಕಿದ್ದೇ ಹಾಕಿದ್ದು. ತಪ್ಪಿಸಿಕೊಳ್ಳುವುದಕ್ಕೆ ಅವರ ಕೈಗೆ ಕಾಗದವೇ ಹೋಗಿರಲಿಲ್ಲ! ಯಾರ ತಪ್ಪು ಅಂತ ನಾನು ಕೇಳಲಿಲ್ಲ. ಮರುದಿನ ಫೀ ಕಟ್ಟಿಯಾಯಿತು.

ಐದಕ್ಕೆ ಐದು ಅಂದೆನಲ್ಲ, ಅದು ಇದಕ್ಕೆ.

ಜನ ಈ ಆ್ಯಪನ್ನು ಡೇಟ್ ನೋಡುವುದಕ್ಕೆ ಮಾತ್ರ ಬಳಸುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಅದರ ಬೆಲೆ ಇರುವುದು ಕೆಳಗೆ. ಕೇಸಿನ ಇತಿಹಾಸ ಅಂತ ಒಂದು ಪಟ್ಟಿ ಇದೆ. ಯಾವ್ಯಾವ ದಿನ ಕೇಸು ಕರೆಸಿದ್ದರು, ಯಾತಕ್ಕೆ ಕರೆಸಿದ್ದರು, ಮುಂದೆ ಯಾವಾಗ, ಎಲ್ಲ ಸಾಲಾಗಿ ಬರುತ್ತೆ. ಅಲ್ಲಿ ಹಳೆಯ ದಿನಾಂಕದ ಮೇಲೆ ಬೆರಳಿಟ್ಟರೆ ಇನ್ನೊಂದು ಪುಟ ತೆರೆಯುತ್ತೆ. ಬಿಸಿನೆಸ್ ಅಂತ ಬರೆದಿರುತ್ತೆ. ಇದೇನಪ್ಪ ವ್ಯಾಪಾರ ಅಂದುಕೊಂಡಿದ್ದೆ. ಆ ದಿನ ಕೋರ್ಟಿನಲ್ಲಿ ಏನಾಯಿತು ಅನ್ನುವುದರ ಬರಹ ಅದು. ಒಂದು ಸಾಲು, ಎರಡು ಸಾಲು. ಒತ್ತಿದರೆ ತೆರೆಯುತ್ತೆ ಅಂತ ನನಗೆ ತಿಳಿಯಲು ಎಂಟು ತಿಂಗಳು ಬೇಕಾಯಿತು. ಅದೂ ತಪ್ಪಿ ಬೆರಳು ತಾಗಿದ್ದಕ್ಕೆ.

ಆ ಎಂಟು ತಿಂಗಳು ನಮಗೆ ಗೊತ್ತಿದ್ದದ್ದು ಗುಮಾಸ್ತರು ಹೇಳಿದ್ದಷ್ಟೇ. "ವಾಯಿದೆ ಆಯ್ತು, ಹೋಗ್ಬನ್ನಿ." ಯಾಕಾಯ್ತು, ಯಾರು ಕೇಳಿದರು, ಜಡ್ಜ್ ಸಾಹೇಬ್ರು ಏನಂದರು? "ಅದೆಲ್ಲ ಲೀಗಲ್ ಮ್ಯಾಟರ್ ಕಣಮ್ಮ." ನಮ್ಮ ಕೇಸು, ನಮಗೇ ಲೀಗಲ್ ಮ್ಯಾಟರ್!

ಒಂದು ದಿನದ ಕಥೆ ಹೇಳುತ್ತೇನೆ. 2023ರ ಬೇಸಿಗೆ. ಅಮ್ಮನ ಪಾಟೀ ಸವಾಲು ಇತ್ತು, ಅಂದರೆ ಎದುರು ಲಾಯರ್ ಅಮ್ಮನನ್ನು ಪ್ರಶ್ನೆ ಕೇಳುವ ದಿನ. ಹಿಂದಿನ ರಾತ್ರಿ ಅಮ್ಮ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಬೆಳಗ್ಗೆ ಆರೂವರೆ ಬಸ್ಸಿಗೆ ಹೊರಟೆವು. ಹತ್ತೂವರೆಗೆಲ್ಲ ಕೋರ್ಟಿನಲ್ಲಿದ್ದೆವು. ಲಾಯರ್ ಸಿಕ್ಕಿ, "ನಮ್ಮದು ಮಧ್ಯಾಹ್ನದ ಹತ್ತಿರ ಬರುತ್ತೆ, ಕೆಳಗೇ ಕೂತಿರಿ, ಕರೆಸ್ತೀನಿ" ಅಂತ ಹೇಳಿ ಬೇರೆ ಹಾಲಿಗೆ ಹೋದರು. ಅಮ್ಮ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತರು. ನಾನು ಎಳನೀರು ತಂದುಕೊಟ್ಟೆ. ಮಹಡಿ ಮೇಲೆ ಜವಾನರು ಬಾಗಿಲಲ್ಲಿ ನಿಂತು ಹೆಸರು ಕೂಗುವುದು ಕೆಳಗೆ ಕೇಳಿಸುತ್ತೆ, ಆದರೆ ಯಾರ ಹೆಸರು ಅಂತ ತಿಳಿಯುವುದಿಲ್ಲ. ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಜನರೇಟರ್ ಬೇರೆ. ಒಂದೂಕಾಲಕ್ಕೆ ಗುಮಾಸ್ತರು ಬಂದು ಜೂನ್ ತಿಂಗಳ ಒಂದು ಡೇಟ್ ಹೇಳಿ, "ಆಯ್ತು, ಹೋಗ್ಬನ್ನಿ" ಅಂದರು.

ಮೂರನೇ ದಿನ ರಾತ್ರಿ ಊಟ ಆದಮೇಲೆ ಆ್ಯಪ್ ತೆರೆದೆ. ಇಂಗ್ಲಿಷಿನಲ್ಲಿ ಇದ್ದದ್ದು ಇಷ್ಟು. "ಪ್ಲೇಂಟಿಫ್ ಕಾಲ್ಡ್ ಔಟ್. ಆಬ್ಸೆಂಟ್." ವಾದಿಯನ್ನು ಕೂಗಿದರೂ ಬಂದಿಲ್ಲ ಅಂತ. ಮುಂದೆ ಕೊನೆಯ ಅವಕಾಶ ಅಂತಲೂ ಇತ್ತು.

ಅಮ್ಮನಿಗೆ ಓದಿ ಹೇಳಿದೆ. ಅವರು ತಟ್ಟೆ ತೊಳೆಯುತ್ತಿದ್ದವರು ಹಾಗೇ ನಿಂತರು. "ಅಲ್ಲೇ ಕೂತಿದ್ನಲ್ಲೇ ನಾನು. ಎಳ್ನೀರು ಕುಡ್ದೆ, ನೀನೇ ತಂದ್ಕೊಟ್ಟಿದ್ದು." ಜಡ್ಜ್ ಸಾಹೇಬರ ಎದುರೇ ಸಾಕ್ಷಿ ಹೇಳುತ್ತಿರುವ ಹಾಗೆ ಅಂದರು.

ಮರುದಿನ ಲಾಯರಿಗೆ ಫೋನ್ ಮಾಡಿ, ಓದಿದ್ದನ್ನು ಇದ್ದ ಹಾಗೇ ಹೇಳಿದೆ. ಅವರಿಗೆ ಸ್ವಲ್ಪ ಇರಿಸುಮುರಿಸು. "ಅದೇನೂ ತೊಂದರೆ ಇಲ್ಲಮ್ಮ, ಮುಂದಿನ ಸಲ ಮಾಡಿಸ್ತೀನಿ" ಅಂದರು. ಮಾಡಿಸಿದರು ಕೂಡ. ಆದರೆ ಅವತ್ತಿನಿಂದ ನಾವು ಕೆಳಗೆ ಕೂರುವುದಿಲ್ಲ. ಅಮ್ಮ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂರುತ್ತಾರೆ. ಜವಾನರಿಗೆ ನಾನು ಮೊದಲೇ ಮುಖ ತೋರಿಸಿ ಬರುತ್ತೇನೆ. ಕೋರ್ಟಿನ ಕಾಗದದಲ್ಲಿ ನಮ್ಮ ಬಗ್ಗೆ ಏನು ಬರೆದಿದ್ದಾರೆ ಅಂತ ನೋಡುವ ದಾರಿ ಇಲ್ಲದಿದ್ದರೆ ಅಮ್ಮ ಇವತ್ತಿಗೂ ಆ ಕಲ್ಲುಬೆಂಚಿನ ಮೇಲೇ ಕೂತಿರುತ್ತಿದ್ದರು. ಒಂದು ದಿನ ದಾವೆ ವಜಾ ಆಯ್ತು ಅಂತ ಯಾರೋ ಬಂದು ಹೇಳುತ್ತಿದ್ದರು.

ಇನ್ನು ಭಾಷೆ. ನಮ್ಮ ಕೇಸಿನಲ್ಲಿ ದಾವೆ ಕನ್ನಡದಲ್ಲಿದೆ. ಅಮ್ಮನ ಪ್ರಮಾಣಪತ್ರ ಕನ್ನಡದಲ್ಲಿದೆ. ಮಾವಂದಿರ ತಕರಾರು ಕನ್ನಡದಲ್ಲಿದೆ. ಜಡ್ಜ್ ಸಾಹೇಬ್ರು ಅಮ್ಮನನ್ನು ಕೇಳಿದ್ದೂ ಕನ್ನಡದಲ್ಲೇ. ಆ ಬಿಸಿನೆಸ್ ಸಾಲು ಮಾತ್ರ ಇಂಗ್ಲಿಷು. ಅದೂ ಪೂರ್ತಿ ಇಂಗ್ಲಿಷಲ್ಲ. ಪಿ.ಇ., ಐ.ಎ., ಪಿ.ಡಬ್ಲ್ಯು.1 ಅಂತ ಚೂರುಚೂರು. ಪಿ.ಇ. ನೋಡಿ ನನ್ನ ಮಗ, "ಅಜ್ಜಿಗೆ ಪಿ.ಟಿ. ಪೀರಿಯಡ್ಡಾ?" ಅಂದ. ವಾದಿಯ ಸಾಕ್ಷ್ಯ ಅಂತ ಅದರ ಅರ್ಥ. ಒಂದು ಸಲ ಫೋಟೋ ತೆಗೆದು ಫೋನಿನಲ್ಲೇ ಕನ್ನಡ ಮಾಡಿಸಿದೆ. "ಕಾಲ್ ಆನ್" ಅಂತ ಒಂದು ದಿನಾಂಕ ಇತ್ತು. ಆ ದಿನ ಕೇಸು ಕರೆಸಿ ಅಂತ. ಫೋನು ಹೇಳಿದ್ದು, "12ನೇ ತಾರೀಕು ಕರೆ ಮಾಡಿ." ಯಾರಿಗೆ ಕರೆ ಮಾಡುವುದು, ಜಡ್ಜ್ ಸಾಹೇಬರಿಗಾ?

ಈ ಕೆಲಸ ಯಾರಿಗೂ ಹೊಳೆದಿಲ್ಲ ಅಂತಲ್ಲ. ಆ್ಯಪ್ ಬಳಸುವ ಕೈಪಿಡಿಯನ್ನು 2021ರಲ್ಲೇ ಹದಿನಾಲ್ಕು ಭಾಷೆಯಲ್ಲಿ ತಂದಿದ್ದಾರೆ, ಕನ್ನಡವೂ ಇದೆ. ಚೆನ್ನಾಗಿದೆ, ಚಿತ್ರ ಹಾಕಿ ತೋರಿಸಿದ್ದಾರೆ. ತೀರ್ಪುಗಳನ್ನು ಅನುವಾದ ಮಾಡಲು ಸುಪ್ರೀಂ ಕೋರ್ಟಿನವರು 2019ರಲ್ಲಿ ಸುವಾಸ್ ಅನ್ನುವ ಸಾಫ್ಟ್‌ವೇರ್ ತಂದರು, ಅದರಲ್ಲೂ ಕನ್ನಡ ಇದೆ. 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ಪೀಠವೇ ಕನ್ನಡದಲ್ಲಿ ತೀರ್ಪು ಓದಿದ್ದು ಪೇಪರಿನಲ್ಲಿ ದೊಡ್ಡದಾಗಿ ಬಂದಿತ್ತು. ನೂರು ಪುಟದ ತೀರ್ಪು ಕನ್ನಡಕ್ಕೆ ಬರುತ್ತೆ ಅಂದಮೇಲೆ "ವಾದಿ ಗೈರು, ಕೊನೆಯ ಅವಕಾಶ" ಅನ್ನುವ ಎರಡು ಸಾಲು ಬರುವುದಿಲ್ಲವಾ? ಇಡೀ ಪಟ್ಟಿಯಲ್ಲಿ ತಿರುಗಿ ತಿರುಗಿ ಬರುವುದು ಮೂವತ್ತು ನಲವತ್ತು ಪದ ಅಷ್ಟೇ. ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಜೂನಿಯರ್ ಹುಡುಗಿ ತಿದ್ದಿಕೊಟ್ಟಿದ್ದಾಳೆ. ಈಗ ಕೋರ್ಟಿನಲ್ಲಿ ಪರಿಚಯ ಆದ ಬೇರೆ ಹೆಂಗಸರೂ ಅದರ ಫೋಟೋ ತೆಗೆದುಕೊಂಡು ಹೋಗುತ್ತಾರೆ.

ಈಗ ಸೊನ್ನೆಯ ವಿಷಯ.

ಕೋರ್ಟಿನಲ್ಲಿ ಕೇಸು ಇರುವ ಮನೆಯಲ್ಲಿ ವಾಯಿದೆಯ ಹಿಂದಿನ ದಿನ ಸಂಜೆ ಒಂದೇ ಪ್ರಶ್ನೆ ಇರುತ್ತೆ. ನಾಳೆ ಹೋಗಬೇಕಾ, ಬೇಡವಾ? ನಮ್ಮ ಸಾಕ್ಷಿ ಇದ್ದರೆ ಹೋಗಲೇಬೇಕು. ವಾದ ಇದ್ದರೆ ಲಾಯರ್ ಸಾಕು. ಸುಮ್ನೆ ಡೇಟ್ ಕೊಡುವುದಾದರೆ ಯಾರೂ ಬೇಕಿಲ್ಲ. ಆ್ಯಪಿನಲ್ಲಿ "ಎವಿಡೆನ್ಸ್" ಅಂತ ಇರುತ್ತೆ. ನಮ್ಮ ಕೇಸಿನಲ್ಲಿ ಹನ್ನೊಂದು ವಾಯಿದೆ ಸಾಲಾಗಿ ಎವಿಡೆನ್ಸ್ ಅಂತಲೇ ಇತ್ತು. ಹನ್ನೊಂದಕ್ಕೂ ಹೋಗಿದ್ದೇವೆ. ಸಾಕ್ಷಿ ಆದದ್ದು ಮೂರು ದಿನ. ಉಳಿದದ್ದರಲ್ಲಿ ಒಂದು ದಿನ ಸಾಹೇಬ್ರು ರಜಾ. ಒಂದು ದಿನ ವಕೀಲರೆಲ್ಲ ಕಲಾಪಕ್ಕೆ ಹೋಗಲಿಲ್ಲ. ಎರಡು ಸಲ ಎದುರು ಲಾಯರ್ ಟೈಮ್ ಕೇಳಿದರು. ಒಂದು ಸಲ ನಮ್ಮವರೇ ಕೇಳಿದರು, ಅದನ್ನೂ ಆ್ಯಪ್ ನೋಡಿಯೇ ತಿಳಿದದ್ದು. ರಜೆ ಇದ್ದ ದಿನ ಕಾಗದ ಬೋರ್ಡಿಗೆ ಅಂಟಿಸಿದ್ದರು. ಹಿಂದಿನ ದಿನ ಸಂಜೆಯೇ ಕೋರ್ಟಿನ ಆಫೀಸಿಗೆ ಗೊತ್ತಿತ್ತಂತೆ. ಫೋನಿನಲ್ಲಿ ಮಾತ್ರ ಅವತ್ತಿನ ದಿನಾಂಕ ಹಾಗೇ ಇತ್ತು. ಹೊಸ ಡೇಟ್ ಬಂದದ್ದು ನಾವು ಮನೆಗೆ ಬಂದು ಕಾಫಿ ಕುಡಿದಮೇಲೆ.

ಆ್ಯಪಿನ ತಪ್ಪು ಅಂತ ನಾನು ಹೇಳುವುದಿಲ್ಲ. ಅದು ತಾಲೂಕು ಕೋರ್ಟಿನಲ್ಲಿ ಯಾರೋ ಕಂಪ್ಯೂಟರಿನಲ್ಲಿ ಹೊಡೆದದ್ದನ್ನು ತೋರಿಸುತ್ತೆ ಅಷ್ಟೇ. ಆ ಸಿಬ್ಬಂದಿಯನ್ನೂ ನಾನು ನೋಡಿದ್ದೇನೆ. ಎದುರಿಗೆ ಫೈಲಿನ ಗುಡ್ಡ. ದಿನಕ್ಕೆ ಎಂಬತ್ತು ತೊಂಬತ್ತು ಕೇಸು ಕರೆಸುತ್ತಾರೆ, ಎಲ್ಲದಕ್ಕೂ ಡೇಟ್ ಹಾಕಬೇಕು. ಸಂಜೆಯೊಳಗೆ ಬರುವುದೂ ಉಂಟು, ಮೂರು ದಿನ ಆಗುವುದೂ ಉಂಟು.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ನಮ್ಮಿಬ್ಬರಿಗೂ ಬಸ್ ಚಾರ್ಜ್ ಇಲ್ಲ. ಅದು ದೊಡ್ಡ ಉಪಕಾರ, ಸುಳ್ಳು ಹೇಳಬಾರದು. ಬಸ್ ಸ್ಟ್ಯಾಂಡಿನಿಂದ ಕೋರ್ಟಿಗೆ ಆಟೋ, ಮಧ್ಯಾಹ್ನ ಊಟ, ಕಾಫಿ, ಜೆರಾಕ್ಸ್, ಗುಮಾಸ್ತರ ಕೈಗೆ ಸ್ವಲ್ಪ. ಮುನ್ನೂರು ನಾನೂರು ಆಗುತ್ತೆ. ಅಂಗಡಿ ಬಾಗಿಲು ಹಾಕಿದರೆ ಮೂರು ಲೈನಿಂಗ್ ಬ್ಲೌಸ್ ಹೋಯಿತು. ಸಾವಿರದ ಮೇಲೆ ನಷ್ಟ. ಬೆಂಗಳೂರಿನ ದಕ್ಷ್ ಅನ್ನುವ ಸಂಸ್ಥೆಯವರು ದೇಶದ ಬೇರೆ ಬೇರೆ ಕಡೆ ಕಕ್ಷಿದಾರರನ್ನು ಕೇಳಿ 2016ರಲ್ಲಿ ಒಂದು ವರದಿ ಮಾಡಿದ್ದರು. ಸಿವಿಲ್ ಕೇಸಿನವರಿಗೆ ಒಂದು ದಿನದ ಕೋರ್ಟ್ ಓಡಾಟಕ್ಕೆ ಸರಾಸರಿ 497 ರೂಪಾಯಿ ಖರ್ಚು, ಕೆಲಸ ಬಿಟ್ಟದ್ದಕ್ಕೆ 844 ರೂಪಾಯಿ ನಷ್ಟ ಅಂತ ಅದರಲ್ಲಿತ್ತು. ನನ್ನ ಲೆಕ್ಕಕ್ಕೆ ಎಷ್ಟು ಹತ್ತಿರ ಇದೆ ನೋಡಿ. ಖರ್ಚಿಗಿಂತ ಕೆಲಸ ಕೆಟ್ಟದ್ದೇ ಜಾಸ್ತಿ. ಕೋರ್ಟ್ ಬಗ್ಗೆ ಯಾರಾದರೂ ಸಂಶೋಧನೆ ಮಾಡುವುದಾದರೆ ಇಂಥದ್ದು ಮಾಡಲಿ. ಆ ಟ್ಯಾಬ್ ಹುಡುಗರು ಕೇಳಿದ ಹದಿನೆಂಟು ಪ್ರಶ್ನೆಯಲ್ಲಿ "ಇವತ್ತು ನೀವು ಬಂದದ್ದು ವ್ಯರ್ಥ ಆಯಿತಾ?" ಅನ್ನುವುದು ಇರಲಿಲ್ಲ.

ಎಸ್‌ಎಂಎಸ್ ಬರುತ್ತೆ ಅಂತ ನೀವು ಹೇಳಬಹುದು. ಬರುತ್ತೆ. ಮುಂದಿನ ಡೇಟ್ ಹಾಕಿದ ಕೂಡಲೇ ಮೆಸೇಜ್ ಕಳಿಸುವ ವ್ಯವಸ್ಥೆ ಇದೆ. ಆದರೆ ದಾವೆ ಹಾಕುವಾಗ ಯಾರ ಮೊಬೈಲ್ ನಂಬರ್ ಕೊಟ್ಟಿದ್ದಾರೋ ಅವರಿಗೆ. ನಮ್ಮದರಲ್ಲಿ ಲಾಯರ್ ಆಫೀಸಿನ ನಂಬರ್ ಇತ್ತು. ಹೊಸದಾಗಿ ಕೇಸು ಹಾಕುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೊದಲು ಮಾಡಬೇಕಾದ ಕೆಲಸ, ನಿಮ್ಮ ನಂಬರನ್ನೂ ಹಾಕಿಸಿ.

ನಾನೂ ವಾಯಿದೆ ಕೊಡುವವಳೇ. ಮದುವೆ ಸೀಸನ್ನಿನಲ್ಲಿ ಬುಧವಾರ ಅಂತ ಹೇಳಿ ಶುಕ್ರವಾರ ಕೊಟ್ಟದ್ದು ಎಷ್ಟೋ. ಆದರೆ ನಾನು ಒಂದು ಮಾಡುತ್ತೇನೆ. ಆಗಿಲ್ಲ ಅಂದರೆ ಹಿಂದಿನ ದಿನವೇ "ಅಕ್ಕಾ ನಾಳೆ ಬರಬೇಡಿ, ಹುಕ್ಸ್ ಹಾಕಿಲ್ಲ" ಅಂತ ವಾಟ್ಸಾಪ್ ಮಾಡುತ್ತೇನೆ. ಹಳ್ಳಿಯಿಂದ ಬರುವವರು, ಸುಮ್ನೆ ಓಡಾಡಿಸಿದರೆ ಮುಂದಿನ ಸಲ ಬೇರೆ ಅಂಗಡಿಗೆ ಹೋಗುತ್ತಾರೆ. ಕೋರ್ಟಿಗೆ ಆ ಭಯ ಇಲ್ಲ, ಅಲ್ವಾ?

ಆ್ಯಪಿನ ಜೊತೆ ಇರುವ ಬೇರೆಯದನ್ನೂ ಸ್ವಲ್ಪ ನೋಡಿದ್ದೇನೆ. ಎನ್‌ಜೆಡಿಜಿ ಅಂತ ಒಂದು ವೆಬ್‌ಸೈಟ್ ಇದೆ. 2015ರಿಂದ ಎಲ್ಲರಿಗೂ ತೆರೆದಿದೆ. ದೇಶದ ಎಲ್ಲ ಕೋರ್ಟುಗಳಲ್ಲಿ ಎಷ್ಟು ಕೇಸು ಬಾಕಿ ಅಂತ ತೋರಿಸುತ್ತೆ. ಕೆಳಗಿನ ಕೋರ್ಟುಗಳಲ್ಲೇ 4 ಕೋಟಿಗೂ ಜಾಸ್ತಿ. ರಾಜ್ಯ, ಜಿಲ್ಲೆ, ತಾಲೂಕು ಅಂತ ಇಳಿದು ಹೋದರೆ ನಮ್ಮ ಕೋರ್ಟೂ ಸಿಗುತ್ತೆ. ಒಂದು ವರ್ಷದೊಳಗಿನವು, ಒಂದರಿಂದ ಮೂರು, ಮೂರರಿಂದ ಐದು, ಐದರಿಂದ ಹತ್ತು ಅಂತ ಗುಂಪು ಮಾಡಿದ್ದಾರೆ. ಅಮ್ಮನ ಕೇಸು ಮೂರರಿಂದ ಐದರ ಗುಂಪಿನಲ್ಲಿದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡಿದ ಹಾಗೆ ನೋಡಿದೆವು. ತಡ ಯಾಕೆ ಆಗಿದೆ ಅನ್ನುವುದಕ್ಕೂ ಒಂದು ಪಟ್ಟಿ ಇದೆ. ಅದರಲ್ಲಿ "ವಕೀಲರು ಲಭ್ಯವಿಲ್ಲ" ಅಂತಲೂ ಒಂದು ಕಾರಣ. ಅಮ್ಮ ಅದಕ್ಕೆ ನಕ್ಕಿದ್ದು ನೋಡಬೇಕಿತ್ತು.

ಕೋರ್ಟಿನಲ್ಲೇ ಇರುವ ಇ-ಸೇವಾ ಕೇಂದ್ರ ಮಾತ್ರ ನಿಜವಾಗಿ ಕೆಲಸಕ್ಕೆ ಬರುವ ಜಾಗ. ಸ್ಮಾರ್ಟ್ ಫೋನ್ ಇಲ್ಲದವರು, ಓದು ಬಾರದವರು ಅಲ್ಲಿ ಹೋಗಿ ಕೇಳಬಹುದು. ನಕಲು ಅರ್ಜಿಗೂ ಸಹಾಯ ಮಾಡುತ್ತಾರೆ. ನಾನು ಹೋದ ಕಡೆ ಒಬ್ಬ ಹುಡುಗ ಇದ್ದ, ತಾಳ್ಮೆಯಿಂದ ಹೇಳಿಕೊಟ್ಟ. ಆ್ಯಪಿನಲ್ಲಿ ಆದೇಶದ ಪ್ರತಿ ಸಿಕ್ಕರೂ ಅದು ನಮ್ಮ ಮಾಹಿತಿಗೆ ಮಾತ್ರ, ಕಂದಾಯ ಆಫೀಸಿನಲ್ಲಿ ಕೊಡಬೇಕಾದರೆ ಸರ್ಟಿಫೈಡ್ ಕಾಪಿಯೇ ಬೇಕು ಅಂತ ತಿಳಿದದ್ದು ಅವನಿಂದ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತೆ, 15100ಕ್ಕೆ ಫೋನ್ ಮಾಡಬಹುದು ಅಂತಲೂ ಗೋಡೆಯ ಮೇಲಿತ್ತು. ಅದು ನಾಲ್ಕು ವರ್ಷ ಮೊದಲೇ ಗೊತ್ತಿರಬೇಕಿತ್ತು ನನಗೆ.

ಕೇರಳದ ಕೊಲ್ಲಂನಲ್ಲಿ 2024ರ ನವೆಂಬರಿನಿಂದ ಚೆಕ್ ಬೌನ್ಸ್ ಕೇಸುಗಳಿಗೆ ಪೂರ್ತಿ ಆನ್‌ಲೈನ್ ಕೋರ್ಟೇ ನಡೆಯುತ್ತಿದೆಯಂತೆ, ಇಪ್ಪತ್ನಾಲ್ಕು ಗಂಟೆಯೂ ಅರ್ಜಿ ಹಾಕಬಹುದಂತೆ. ಜೂನಿಯರ್ ಹುಡುಗಿ ಕಣ್ಣರಳಿಸಿ ಹೇಳಿದಳು. ಇರಲಿ, ಒಳ್ಳೆಯದೇ. ಕೋರ್ಟುಗಳನ್ನು ಡಿಜಿಟಲ್ ಮಾಡುವ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ 2023ರಲ್ಲಿ ಕೇಂದ್ರ ಸರ್ಕಾರ 7,210 ಕೋಟಿ ಒಪ್ಪಿದೆ. ಅದರಲ್ಲಿ ನಮ್ಮ ಕೋರ್ಟಿಗೆ ಬರುವ ಪಾಲಿನಲ್ಲಿ ಹೆಸರು ಕೂಗುವುದಕ್ಕೆ ಒಂದು ಮೈಕು, ಕೆಳಗೆ ಒಂದು ಸ್ಪೀಕರ್ ಹಾಕಿದರೆ ಸಾಕಿತ್ತು. ಡಿಜಿಟಲ್ ಅಂದರೆ ಮೈಕೂ ಸೇರುತ್ತೋ ಇಲ್ಲವೋ.

ಇನ್ನೊಂದು ಮಾತು, ಮರೆಯುವ ಮೊದಲು. ಆ್ಯಪಿನಲ್ಲಿ ನಮ್ಮ ಕೇಸುಗಳು ಅಂತ ಉಳಿಸಿಟ್ಟುಕೊಳ್ಳುವ ಪಟ್ಟಿ ಇರುವುದು ನಿಮ್ಮ ಫೋನಿನಲ್ಲೇ. ಫೋನ್ ಬದಲಾಯಿಸುವ ಮೊದಲು ಅದನ್ನು ಎಕ್ಸ್‌ಪೋರ್ಟ್ ಮಾಡಿಟ್ಟುಕೊಳ್ಳಿ. ಒಂದೇ ಕೇಸು ಇರುವ ನಮ್ಮಂಥವರಿಗೆ ಕ್ಯಾಲೆಂಡರಿನ ಹಿಂಭಾಗ ಸಾಕು. ಮತ್ತೆ, ನೀವು ನೋಡುವುದನ್ನೆಲ್ಲ ಎದುರು ಪಾರ್ಟಿಯೂ ನೋಡಬಹುದು, ಊರವರೂ ನೋಡಬಹುದು. ಹೆಸರು, ಕೇಸು, ಎಲ್ಲ ಬಯಲು. ನಮ್ಮ ದೊಡ್ಡಮಾವನ ಮಗ ಮೈಸೂರಿನಲ್ಲಿ ಕೂತು ನಮಗಿಂತ ಮೊದಲೇ ಡೇಟ್ ನೋಡುತ್ತಾನೆ. ಹೋದ ಗೌರಿ ಹಬ್ಬದ ದಿನ ಫೋನ್ ಮಾಡಿ, "ಅತ್ತೆಗೆ ಮಂಡಿನೋವಂತೆ, ಬುಧವಾರ ಬರ್ತಾರಾ?" ಅಂತ ಕೇಳಿದ. ಕೇಸಿಗೆ ಕೇಳಿದನೋ, ಮಂಡಿಗೆ ಕೇಳಿದನೋ, ನನಗೆ ಇನ್ನೂ ಗೊತ್ತಾಗಿಲ್ಲ. ಅಮ್ಮ ಮಾತ್ರ, "ಬಾಗಿನ ಕಳ್ಸಿದ್ದು ಸಿಕ್ತಾ ಕೇಳು" ಅಂದರು.

ಹೀಗಾಗಿ ಆ ಹುಡುಗರು ಇನ್ನೊಮ್ಮೆ ಸಿಕ್ಕರೆ ನಾಲ್ಕು ಅಂತ ಬರೆದದ್ದನ್ನು ಹೊಡೆದುಹಾಕಿ ಅನ್ನುತ್ತೇನೆ. ನಿನ್ನೆ ಏನಾಯಿತು ಅಂತ ಹೇಳುವುದಕ್ಕೆ ಐದು. ನಾಳೆ ಏನು ಅಂತ ಹೇಳುವುದಕ್ಕೆ ಸೊನ್ನೆ.

ಮುಂದಿನ ವಾಯಿದೆ ಈ ಬುಧವಾರ. ಹಂತ, ಎವಿಡೆನ್ಸ್. ಈಗ ಮಾವಂದಿರ ಕಡೆಯ ಸಾಕ್ಷಿ. ಮಂಗಳವಾರ ಸಂಜೆ ಜೂನಿಯರ್ ಹುಡುಗಿಗೆ ಫೋನ್ ಮಾಡುತ್ತೇನೆ. "ಹೇಳೋಕಾಗಲ್ಲ ಅಕ್ಕಾ, ಬಂದುಬಿಡಿ" ಅನ್ನುತ್ತಾಳೆ. ಗುರುವಾರದ ಮದುವೆಗೆ ನಾಲ್ಕು ಬ್ಲೌಸ್ ಕೊಡುವುದಿದೆ, ಹೆಮ್ಮಿಂಗ್ ಮತ್ತು ಹುಕ್ಸ್ ಬಾಕಿ. ಸೂಜಿ, ದಾರ, ಹುಕ್ಸ್ ಡಬ್ಬಿ ಎಲ್ಲ ಬ್ಯಾಗಿಗೆ ಹಾಕಿಟ್ಟಿದ್ದೇನೆ. ಬಾಗಿಲ ಪಕ್ಕದಲ್ಲಿ ಬೆಳಕು ಚೆನ್ನಾಗಿ ಬರುತ್ತೆ.